ಅಂಧ ನಾಯಕನಿಷ್ಠೆ ಮತ್ತು ಅನುಯಾಯಿಯ ಹೊಣೆ

ನಾಯಕನ ಮಾತನ್ನು ತನ್ನ ವಿವೇಕದ ಒರೆಗೆ ಹಚ್ಚದೆ ಒಪ್ಪಿಕೊಳ್ಳುವ, ಅವನ ಆಜ್ಞೆಯನ್ನು ಸರಿತಪ್ಪು ನೋಡದೆ ನೆರವೇರಿಸುವ ಮನೋಭಾವಕ್ಕೆ ಅಂಧ ನಾಯಕನಿಷ್ಠೆ ಎನ್ನುತ್ತಾರೆ. ನಿಷ್ಠೆ ತಾನಾಗಿ ದೋಷವಲ್ಲ. ಅದಿಲ್ಲದೆ ಸೈನ್ಯವಾಗಲಿ ಪಕ್ಷವಾಗಲಿ ಮಠವಾಗಲಿ ಒಂದು ದಿನವೂ ನಡೆಯದು. ಅನ್ಯಾಯವೆಂದು ಕಂಡದ್ದನ್ನೂ ನಾಯಕನ ಹೆಸರಿನಲ್ಲಿ ಮಾಡಲು ಅನುಯಾಯಿ ಸಿದ್ಧನಾದಾಗ ನೀತಿಯ ಪ್ರಶ್ನೆ ಏಳುತ್ತದೆ. ದೊಡ್ಡ ಅಪರಾಧಗಳನ್ನು ಯೋಜಿಸುವವರು ಕೆಲವೇ ಮಂದಿ. ಅವನ್ನು ಕೈಯಾರೆ ನಡೆಸಲು ಸಾವಿರಾರು ಮಂದಿ ಬೇಕು: ಪಟ್ಟಿ ಬರೆಯುವ ಗುಮಾಸ್ತ, ರೈಲು ಹೊರಡಿಸುವ ನೌಕರ, ಬಾಗಿಲು ಬಡಿಯುವ ಪೇದೆ, ನೆರೆಮನೆಯವನ ಮೇಲೆ ಚಾಡಿ ಹೇಳುವ ನಾಗರಿಕ. ಇವರ ಪಾಲಿನ ಹೊಣೆ ಎಷ್ಟು?

‘ಮೇಲಿನವರು ಹೇಳಿದರು, ಮಾಡಿದೆ, ನನಗೆ ಬೇರೆ ದಾರಿ ಇರಲಿಲ್ಲ’ ಎಂಬುದು ಇವರೆಲ್ಲರ ಸಾಮಾನ್ಯ ಉತ್ತರ. 20ನೆಯ ಶತಮಾನದ ದಾಖಲೆಗಳನ್ನು ಪರಿಶೀಲಿಸಿದರೆ ಈ ಉತ್ತರದ ಮೊದಲ ಭಾಗ ಬಹುಮಟ್ಟಿಗೆ ನಿಜ, ಎರಡನೆಯದು ಅನೇಕ ಸಲ ಸುಳ್ಳು. ಬೇರೆ ದಾರಿ ಕಿರಿದಾಗಿರುತ್ತಿತ್ತು, ಕೆಲವೊಮ್ಮೆ ತುಂಬಾ ದುಬಾರಿಯೂ ಆಗಿರುತ್ತಿತ್ತು. ಆದರೆ ಇರುತ್ತಿತ್ತು.

ಹಳೆಯ ಆದರ್ಶ

ಒಡೆಯನಿಗಾಗಿ ಪ್ರಾಣ ಕೊಡುವುದನ್ನು ಪರಮಧರ್ಮವೆಂದು ಎಣಿಸಿದ ನಾಡುಗಳಲ್ಲಿ ಕರ್ನಾಟಕವೂ ಒಂದು. ಒಡೆಯ ಸತ್ತರೆ ತಾನೂ ಸಾಯುವೆನೆಂದು ಪ್ರತಿಜ್ಞೆ ಮಾಡಿದ ವೇಳೆವಾಳಿಗಳು, ಉಂಡ ಅನ್ನದ ಋಣವನ್ನು ರಣರಂಗದಲ್ಲಿ ತೀರಿಸುವ ಜೋಳವಾಳಿಗಳು, ಇಂಥದೇ ವ್ರತ ತೊಟ್ಟ ಲೆಂಕರು ಹಾಗೂ ಗರುಡರು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಇದರ ಅತಿ ಪ್ರಸಿದ್ಧ ಸ್ಮಾರಕ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ರಾಜನ ಮರಣದ ನಂತರ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಗರುಡರೊಂದಿಗೆ ಪ್ರಾಣ ಕೊಟ್ಟನೆಂದು ಅಲ್ಲಿಯ ಶಾಸನ ಕೊಂಡಾಡುತ್ತದೆ. ಕಂಬದ ಮೇಲೆ ತಮ್ಮ ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆಯಿದೆ. ಗರುಡರ ನಿಷ್ಠೆಗೆ ಬಲಿಯಾದದ್ದು ಗರುಡರೇ; ಆಧುನಿಕ ಯುಗದ ಅಂಧನಿಷ್ಠೆಗೆ ಬಲಿಯಾಗುವವರು ಬೇರೆಯವರು ಎಂಬ ಅಂತರವನ್ನು ಮರೆಯಬಾರದು. ಆದರೂ ಒಡೆಯನ ಯೋಗ್ಯತೆಯನ್ನು ಕೇಳದಿರುವುದೇ ನಿಷ್ಠೆಯ ಹೆಚ್ಚುಗಾರಿಕೆ ಎಂಬ ಭಾವನೆ ಎರಡರಲ್ಲೂ ಒಂದೇ.

ಮಹಾಭಾರತ ಈ ವಿಷಯದಲ್ಲಿ ಶಾಸನ ಬರೆಸಿದವರಿಗಿಂತ ಎಚ್ಚರದಿಂದಿದೆ. ಭೀಷ್ಮ, ದ್ರೋಣರು ದುರ್ಯೋಧನನ ಪಕ್ಷ ತಪ್ಪೆಂದು ಬಲ್ಲರು, ಆದರೂ ಅವನ ಅನ್ನದ ಋಣದಲ್ಲಿ ನಿಂತು ಹೋರಾಡುತ್ತಾರೆ. ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ತಲೆ ತಗ್ಗಿಸಿದಾಗ ಎದ್ದು ಮಾತಾಡಿದವನು ದುರ್ಯೋಧನನ ತಮ್ಮ ವಿಕರ್ಣ. ಯುದ್ಧ ಬಂದಾಗ ಅವನೂ ಅಣ್ಣನ ಕಡೆಯೇ ನಿಂತು ಭೀಮನ ಕೈಯಲ್ಲಿ ಸತ್ತ. ಕುರುಕ್ಷೇತ್ರದಲ್ಲಿ ಯುದ್ಧ ಆರಂಭವಾಗುವ ಮುನ್ನ ಕೌರವರ ಸಾಲಿನಿಂದ ಹೊರಬಂದು ಪಾಂಡವರ ಕಡೆ ಸೇರಿದವನು ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು. ಕನ್ನಡ ಕಾವ್ಯ, ಯಕ್ಷಗಾನ, ನಾಟಕ, ಸಿನಿಮಾಗಳು ಕರ್ಣನ ಸ್ವಾಮಿನಿಷ್ಠೆಯನ್ನು ಸಾವಿರ ವರ್ಷ ಹಾಡಿವೆ. ಯುಯುತ್ಸು ಪ್ರೇಕ್ಷಕರಿಗೆ ನೆನಪಾಗುವುದು ಅಪರೂಪ. ಪಕ್ಷ ಬಿಟ್ಟುಬಂದವನನ್ನು, ಅವನ ಕಾರಣ ಎಷ್ಟೇ ಸರಿಯಿರಲಿ, ನಮ್ಮ ಮನಸ್ಸು ಒಪ್ಪುವುದು ಕಷ್ಟ.

ಯೂರೋಪಿನಲ್ಲಿ 16ನೆಯ ಶತಮಾನದ ಫ್ರೆಂಚ್ ಲೇಖಕ ಎತಿಯೆನ್ ದ ಲ ಬೊಯೆಸಿ ನಿರಂಕುಶ ಪ್ರಭುವಿನ ಬಲವೆಲ್ಲ ಆಳಿಸಿಕೊಳ್ಳುವವರೇ ಕೊಟ್ಟದ್ದು, ಅವರು ಕೈಬಿಟ್ಟ ದಿನ ಅವನು ಬೀಳುತ್ತಾನೆ ಎಂದು ವಾದಿಸಿದ. ಅದಕ್ಕೂ ಹಿಂದೆ, 1474ರಲ್ಲಿ, ಬರ್ಗಂಡಿಯ ಡ್ಯೂಕನ ಪ್ರತಿನಿಧಿಯಾಗಿ ಬ್ರೈಸಾಖ್ ಪಟ್ಟಣವನ್ನು ಕ್ರೂರವಾಗಿ ಆಳಿದ ಪೀಟರ್ ಫಾನ್ ಹಾಗೆನ್‌ಬಾಖ್ ವಿಚಾರಣೆಯಲ್ಲಿ ತಾನು ಒಡೆಯನ ಆಜ್ಞೆಯನ್ನಷ್ಟೇ ನಡೆಸಿದೆನೆಂದು ಹೇಳಿದ. ನ್ಯಾಯಾಧೀಶರು ಒಪ್ಪದೆ ಅವನ ತಲೆ ತೆಗೆಸಿದರು.

ನಾಟ್ಸಿ ಜರ್ಮನಿ

ಅಂಧನಿಷ್ಠೆಯ ಅಧ್ಯಯನ ಇಂದಿಗೂ 1933ರಿಂದ 1945ರವರೆಗಿನ ಜರ್ಮನಿಯನ್ನೇ ಸುತ್ತುತ್ತದೆ. ಅಲ್ಲಿಯ ಕ್ರೌರ್ಯದ ಪ್ರಮಾಣ ಒಂದು ಕಾರಣ. ಓದುಬರಹ ಬಲ್ಲ, ಕಾನೂನಿಗೆ ಅಂಜುವ, ಚುನಾವಣೆ ಕಂಡಿದ್ದ ಸಮಾಜವೊಂದು ಅದಕ್ಕೆ ಕೈಜೋಡಿಸಿದ್ದು ಇನ್ನೊಂದು. ಹಿಟ್ಲರನ ಪಕ್ಷ ಸ್ಪರ್ಧೆಯಿದ್ದ ಯಾವ ಚುನಾವಣೆಯಲ್ಲೂ ಬಹುಮತ ಪಡೆಯಲಿಲ್ಲ: 1932ರ ಜುಲೈಯಲ್ಲಿ ಶೇ. 37.3, ನವೆಂಬರಿನಲ್ಲಿ ಶೇ. 33.1, ಅಧಿಕಾರ ಹಿಡಿದ ಮೇಲೆ ಬೆದರಿಕೆಯ ನಡುವೆ ನಡೆದ 1933ರ ಮಾರ್ಚ್ ಚುನಾವಣೆಯಲ್ಲಿ ಶೇ. 43.9. ಗೆದ್ದವನ ಹಿಂದೆ ಹೋಗುವವರ ಸಾಲು ಆಮೇಲೆ ಬೆಳೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಪಕ್ಷದ ಸದಸ್ಯರು ಸುಮಾರು 85 ಲಕ್ಷ. ಇವರಲ್ಲಿ ಸಿದ್ಧಾಂತ ನಂಬಿದವರೆಷ್ಟು, ಬಡ್ತಿಗಾಗಿ ಸೇರಿದ ಮೇಷ್ಟ್ರು, ವಕೀಲ, ಗುಮಾಸ್ತರೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಯಹೂದಿ ವೈದ್ಯನ, ಪ್ರಾಧ್ಯಾಪಕನ ಕುರ್ಚಿ ಖಾಲಿಯಾದಾಗ ಅದರಲ್ಲಿ ಕೂತವನಿಗೆ ನಂಬಿಕೆ ಬೇಕಾಗಿರಲಿಲ್ಲ.

1934ರ ಆಗಸ್ಟ್ 2ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡ. ಅದೇ ದಿನ ಸೈನಿಕರಿಂದ ಹೊಸ ಪ್ರಮಾಣವಚನ ಮಾಡಿಸಲಾಯಿತು. ಹಿಂದೆ ಸಂವಿಧಾನಕ್ಕೆ ಸಲ್ಲುತ್ತಿದ್ದ ನಿಷ್ಠೆ ಈಗ ಅಡಾಲ್ಫ್ ಹಿಟ್ಲರ್ ಎಂಬ ವ್ಯಕ್ತಿಗೆ, ಹೆಸರು ಹಿಡಿದು, ಸಂದಿತು. ಸರಕಾರಿ ನೌಕರರಿಗೂ ಇಂಥದೇ ಪ್ರಮಾಣ ಬಂತು. ಬಾನ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಷರತ್ತಿಲ್ಲದೆ ಪ್ರಮಾಣ ಮಾಡಲು ಒಪ್ಪದೆ ಹುದ್ದೆ ಕಳೆದುಕೊಂಡು ಸ್ವಿಟ್ಜರ್‌ಲೆಂಡಿಗೆ ಮರಳಿದ. ಮುಂದೆ ಅನೇಕ ಸೇನಾಧಿಕಾರಿಗಳು ಹಿಟ್ಲರನ ವಿರುದ್ಧ ಏಳದಿರಲು ಈ ಪ್ರಮಾಣವನ್ನೇ ಕಾರಣವಾಗಿ ಕೊಟ್ಟರು. ವೈಮಾರ್ ಸಂವಿಧಾನಕ್ಕೆ ಮಾಡಿದ್ದ ಮೊದಲ ಪ್ರಮಾಣವನ್ನು ಮುರಿಯುವಾಗ ಇಷ್ಟೊಂದು ಅಳುಕು ಅವರಿಗೆ ಬಂದಂತೆ ಕಾಣುವುದಿಲ್ಲ.

ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಎಲ್ಲೆಡೆಯೂ ಕಣ್ಣಿಟ್ಟಿತ್ತೆಂಬ ಕಲ್ಪನೆಯನ್ನೂ ಇತಿಹಾಸಕಾರರು ತಿದ್ದಿದ್ದಾರೆ. ದೇಶದ ಜನಸಂಖ್ಯೆಗೆ ಹೋಲಿಸಿದರೆ ಅದರ ಸಿಬ್ಬಂದಿ ತೀರಾ ಕಡಿಮೆ. ವ್ಯೂರ್ಟ್ಸ್‌ಬುರ್ಗ್ ನಗರದ ಉಳಿದ ಕಡತಗಳನ್ನು ಓದಿದ ರಾಬರ್ಟ್ ಗೆಲಟೆಲಿಗೆ ಕಂಡದ್ದು ಜನರೇ ತಂದುಕೊಟ್ಟ ದೂರುಗಳ ರಾಶಿ. ನೆರೆಹೊರೆಯ ಜಗಳ, ಆಸ್ತಿಯಾಸೆ, ಹಳೆಯ ಸೇಡು ದೇಶಭಕ್ತಿಯ ವೇಷ ಹಾಕಿ ಠಾಣೆಗೆ ಹೋಗುತ್ತಿದ್ದವು. ಚಾಡಿ ಹೇಳಲೇಬೇಕೆಂದು ದೂರು ಕೊಟ್ಟವರಲ್ಲಿ ಹೆಚ್ಚಿನವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ.

ಅನುಯಾಯಿಯ ಹೊಣೆಯ ಪ್ರಶ್ನೆಯನ್ನು ಇನ್ನಾವುದಕ್ಕಿಂತ ಸ್ಪಷ್ಟವಾಗಿ ಮುಂದಿಡುವುದು 101ನೆಯ ಮೀಸಲು ಪೊಲೀಸ್ ಬೆಟಾಲಿಯನ್ನಿನ ಕಥೆ. ಸುಮಾರು 500 ಮಂದಿಯ ಈ ಪಡೆಯಲ್ಲಿ ಹೆಚ್ಚಿನವರು ಹ್ಯಾಂಬರ್ಗಿನ ನಡುವಯಸ್ಸಿನ ಕೂಲಿಕಾರರು, ಲಾರಿ ಚಾಲಕರು, ಗುಮಾಸ್ತರು; ಯುದ್ಧಭೂಮಿಗೆ ವಯಸ್ಸು ಮೀರಿದ ಸಂಸಾರಸ್ಥರು. ಹಿಟ್ಲರ್ ಬರುವ ಮುನ್ನವೇ ಬೆಳೆದು ದೊಡ್ಡವರಾದ ಇವರಿಗೆ ಬೇರೆ ನೀತಿಯೂ ಗೊತ್ತಿತ್ತು. 1942ರ ಜುಲೈ 13ರ ಬೆಳಕು ಹರಿಯುವ ಹೊತ್ತಿಗೆ ಇವರನ್ನು ಪೋಲೆಂಡಿನ ಯೂಜೆಫುಫ್ ಎಂಬ ಊರಿಗೆ ಲಾರಿಗಳಲ್ಲಿ ಕರೆದೊಯ್ದರು. ಕಮಾಂಡರ್ ಮೇಜರ್ ವಿಲ್ಹೆಲ್ಮ್ ಟ್ರಾಪ್ ಅವರನ್ನು ಅರ್ಧವೃತ್ತದಲ್ಲಿ ನಿಲ್ಲಿಸಿ, ಗಂಟಲು ಕಟ್ಟಿದ ದನಿಯಲ್ಲಿ, ಊರಿನ ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆಜ್ಞೆ ಮೇಲಿನಿಂದ ಬಂದಿದೆ ಎಂದ. ಬಳಿಕ ಅವನು ಹೇಳಿದ್ದು ಆ ಕಾಲದ ದಾಖಲೆಗಳಲ್ಲಿ ತೀರಾ ಅಪರೂಪದ ಮಾತು: ಹಿರಿಯರಲ್ಲಿ ಈ ಕೆಲಸ ಆಗದೆನ್ನುವವರು ಸಾಲಿನಿಂದ ಹೊರಗೆ ಬರಬಹುದು.

ಒಬ್ಬ ಹೊರಬಂದ. ಅವನ ಕಂಪನಿಯ ಅಧಿಕಾರಿ ಸಿಡಿಮಿಡಿಗೊಂಡು ಗದರಿಸಿದಾಗ ಟ್ರಾಪ್ ತಡೆದ. ಅದನ್ನು ಕಂಡು ಇನ್ನು ಹತ್ತು ಹನ್ನೆರಡು ಮಂದಿ ಬಂದರು. ಅವರು ಬಂದೂಕು ಒಪ್ಪಿಸಿದರು, ಬೇರೆ ಕೆಲಸ ಸಿಕ್ಕಿತು, ಅವರಿಗೆ ಶಿಕ್ಷೆಯಾಗಲಿಲ್ಲ. ಉಳಿದವರು ಸಂಜೆಯವರೆಗೆ ಕಾಡಿನಲ್ಲಿ ಸುಮಾರು 1,500 ಮಂದಿಯನ್ನು ಕೊಂದರು. ನಡುವೆ ಕೆಲವರು ಸಾಕೆಂದು ಬಿಡುಗಡೆ ಕೇಳಿದರು, ಕೆಲವರು ಸಂತೆಕಟ್ಟೆಯ ಸುತ್ತ ಅಡಗಿ ಹೊತ್ತು ಕಳೆದರು. ರಾತ್ರಿ ಬಿಡಾರಕ್ಕೆ ಮರಳಿದವರಿಗೆ ಮದ್ಯ ಹಂಚಲಾಯಿತು. ಊಟ ಹೆಚ್ಚಿನವರಿಗೆ ಸೇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದೇ ಮಂದಿಗೆ ಕೆಲಸ ರೂಢಿಯಾಯಿತು. ಈ ಒಂದು ಬೆಟಾಲಿಯನ್ ಗುಂಡಿಕ್ಕಿ ಕೊಂದವರು ಕನಿಷ್ಠ 38,000, ಟ್ರೆಬ್ಲಿಂಕಾದ ವಿಷಾನಿಲ ಕೋಣೆಗಳಿಗೆ ರೈಲು ಹತ್ತಿಸಿದವರು 45,000.

ಇವರನ್ನು 1960ರ ದಶಕದಲ್ಲಿ ಹ್ಯಾಂಬರ್ಗಿನ ತನಿಖಾಧಿಕಾರಿಗಳು ವಿಚಾರಿಸಿದರು. ಆ ಹೇಳಿಕೆಗಳ ಮೇಲೆ ಅಮೆರಿಕದ ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಪುಸ್ತಕ ಬರೆದ. ಹೊರಬರದ ಪೊಲೀಸರು ಹೇಳಿದ ಕಾರಣಗಳಲ್ಲಿ ಹಿಟ್ಲರನ ಹೆಸರು ಅಷ್ಟಾಗಿ ಬರುವುದಿಲ್ಲ. ಯೋಚಿಸಲು ಸಮಯವಿರಲಿಲ್ಲ, ಜೊತೆಗಾರರ ಎದುರು ಪುಕ್ಕಲನೆನಿಸಿಕೊಳ್ಳಲು ಮನಸ್ಸಾಗಲಿಲ್ಲ, ಹೊಲಸು ಕೆಲಸವನ್ನು ಗೆಳೆಯರ ತಲೆಗೆ ಕಟ್ಟಿ ತಾನು ಪಾರಾಗುವುದು ಸರಿಯೆನಿಸಲಿಲ್ಲ. ಅಂದರೆ ದೂರದ ನಾಯಕನ ಮೇಲಿನ ನಿಷ್ಠೆ ಪಕ್ಕದಲ್ಲಿ ನಿಂತವನ ಸಂಕೋಚವಾಗಿ ಕೆಲಸ ಮಾಡಿತು. ಇದನ್ನು ಮತ್ತೊಬ್ಬ ವಿದ್ವಾಂಸ ಡೇನಿಯಲ್ ಗೋಲ್ಡ್‌ಹಾಗನ್ 1996ರಲ್ಲಿ ಬಲವಾಗಿ ಪ್ರಶ್ನಿಸಿ, ಇವರನ್ನು ನಡೆಸಿದ್ದು ಯಹೂದಿದ್ವೇಷ, ಇವರು ಮನಸಾರೆ ಕೊಂದವರು ಎಂದ. ವಿದ್ವಾಂಸರಲ್ಲಿ ಹೆಚ್ಚಿನವರು ಬ್ರೌನಿಂಗನ ಕಡೆಗೆ ವಾಲುತ್ತಾರೆ. ಒಂದು ವಿಷಯದಲ್ಲಿ ಇಬ್ಬರೂ ಒಪ್ಪುತ್ತಾರೆ: ಕೊಲ್ಲಲು ಒಲ್ಲೆನೆಂದವನಿಗೆ ಸಾವು ಕಾದಿರಲಿಲ್ಲ. ಯುದ್ಧಾನಂತರ ದಶಕಗಳ ಕಾಲ ನಡೆದ ಮೊಕದ್ದಮೆಗಳಲ್ಲಿ, ನಿರಾಯುಧ ನಾಗರಿಕರನ್ನು ಕೊಲ್ಲಲು ನಿರಾಕರಿಸಿದ್ದಕ್ಕೆ ಮರಣದಂಡನೆಯಾದ ಒಂದೇ ಒಂದು ಉದಾಹರಣೆಯನ್ನೂ ಆರೋಪಿಗಳ ವಕೀಲರಿಗೆ ಸಾಬೀತುಪಡಿಸಲಾಗಲಿಲ್ಲ.

ಯುದ್ಧಕ್ಕೇ ಬರಲಾರೆನೆಂದವರ ಗತಿ ಬೇರೆ. ಆಸ್ಟ್ರಿಯದ ಸಾಂಕ್ಟ್ ರಾಡೆಗುಂಡ್ ಹಳ್ಳಿಯ ರೈತ, ಮೂರು ಹೆಣ್ಣುಮಕ್ಕಳ ತಂದೆ ಫ್ರಾನ್ಜ್ ಯೇಗರ್‌ಸ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡುವುದು ಪಾಪವೆಂದು ನಿರಾಕರಿಸಿದ. ಪಾದ್ರಿಗಳೇ ಅವನಿಗೆ ಸಂಸಾರ ನೋಡಿಕೊಳ್ಳುವಂತೆ ಬುದ್ಧಿ ಹೇಳಿದರು. 1943ರ ಆಗಸ್ಟ್ 9ರಂದು ಅವನ ಶಿರಚ್ಛೇದವಾಯಿತು. ಇಂಥ ಬೆಲೆಯನ್ನು ಎಲ್ಲರೂ ತೆರಬೇಕಿತ್ತೆಂದು ನೀತಿಶಾಸ್ತ್ರ ಕೇಳುವುದಿಲ್ಲ, ಕೇಳಲೂಬಾರದು. ಆದರೆ ಯೇಗರ್‌ಸ್ಟೆಟರನಿಗೆ ಬಂದ ಸಾವನ್ನು ತೋರಿಸಿ ಯೂಜೆಫುಫ್‌ನ ಪೊಲೀಸನು ತನ್ನನ್ನು ಸಮರ್ಥಿಸಿಕೊಳ್ಳಲಾಗದು.

ಸಾರ್ವಜನಿಕ ವಿರೋಧ ಪೂರ್ತಿ ವ್ಯರ್ಥವಾಗಿರಲಿಲ್ಲ ಎನ್ನಲೂ ಸಾಕ್ಷ್ಯವಿದೆ. ಅಂಗವಿಕಲರನ್ನು, ಮನೋರೋಗಿಗಳನ್ನು ಕೊಲ್ಲುತ್ತಿದ್ದ ಗುಪ್ತ ಯೋಜನೆಯನ್ನು ಬಿಷಪ್ ಗಾಲೆನ್ 1941ರ ಆಗಸ್ಟ್ 3ರ ಉಪದೇಶದಲ್ಲಿ ಬಹಿರಂಗವಾಗಿ ಖಂಡಿಸಿದ. ಅದೇ ತಿಂಗಳು ಹಿಟ್ಲರ್ ಆ ಯೋಜನೆಯ ಅನಿಲ ಕೋಣೆಗಳನ್ನು ನಿಲ್ಲಿಸಿದ. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು, ಆಮೇಲೂ ಕೊಲೆ ಬೇರೆ ರೀತಿಯಲ್ಲಿ ಕದ್ದು ನಡೆಯಿತು. ಆದರೂ ಸರ್ವಾಧಿಕಾರಿ ತನ್ನ ಅನುಯಾಯಿಗಳ ಮುಖ ನೋಡಿಕೊಂಡೇ ನಡೆಯುತ್ತಿದ್ದ ಎಂಬುದು ಇದರಿಂದ ತಿಳಿಯುತ್ತದೆ. ಯಹೂದಿಗಳ ವಿಷಯದಲ್ಲಿ ಅಂಥ ದನಿ ಏಳಲಿಲ್ಲ.

ಪ್ರಶ್ನಾವಳಿ ಮತ್ತು ಸೋಪಿನ ಸರ್ಟಿಫಿಕೇಟು

ಗೆದ್ದ ರಾಷ್ಟ್ರಗಳಿಗೆ ಲಕ್ಷಾಂತರ ಅನುಯಾಯಿಗಳನ್ನು ಏನು ಮಾಡುವುದೆಂಬ ಸಮಸ್ಯೆ ಎದುರಾಯಿತು. ಅಮೆರಿಕದ ವಶದಲ್ಲಿದ್ದ ಪ್ರದೇಶದಲ್ಲಿ ವಯಸ್ಕರು 131 ಪ್ರಶ್ನೆಗಳ ಪತ್ರ ತುಂಬಬೇಕಿತ್ತು: ಯಾವ ಸಂಘಗಳ ಸದಸ್ಯತ್ವ, ಯಾವ ಹುದ್ದೆ, ಯಾರಿಗೆ ಮತ. 1946ರ ಕಾನೂನು ಜನರನ್ನು ಮುಖ್ಯ ಅಪರಾಧಿಗಳಿಂದ ಹಿಡಿದು ನಿರ್ದೋಷಿಗಳವರೆಗೆ ಐದು ವರ್ಗ ಮಾಡಿತು. ನಾಲ್ಕನೆಯ ವರ್ಗ ‘ಹಿಂಬಾಲಕರು’. ಸಣ್ಣ ದಂಡ ಕಟ್ಟಿದರೆ ಮುಗಿಯಿತು. ಹೆಚ್ಚಿನವರು ಇದರಲ್ಲೇ ಬಂದು ನಿಂತರು. ಹಿಟ್ಲರನ ಪಕ್ಷ ಸಮಾವೇಶವನ್ನು ಚಿತ್ರೀಕರಿಸಿದ ಲೆನಿ ರೀಫೆನ್‌ಸ್ಟಾಲ್ ಹಿಂಬಾಲಕಿ, ದಾರ್ಶನಿಕ ಮಾರ್ಟಿನ್ ಹೈಡೆಗರ್ ಹಿಂಬಾಲಕ. ಒಳ್ಳೆಯ ನಡತೆಗೆ ಪಾದ್ರಿ, ನೆರೆಯವರು, ಬದುಕುಳಿದ ಯಹೂದಿ ಪರಿಚಿತರು ಬರೆದುಕೊಡುವ ಪತ್ರಗಳಿಗೆ ಜನ ಪರ್ಸಿಲ್ ಎಂಬ ಬಟ್ಟೆ ಒಗೆಯುವ ಪುಡಿಯ ಹೆಸರಿಟ್ಟರು. ಲೇವಡಿಯಲ್ಲಿ ಸತ್ಯವಿತ್ತು: ಕಲೆ ಬೇಗ ಹೋಯಿತು. ಶೀತಲ ಸಮರ ಆರಂಭವಾದ ಮೇಲೆ ಇಡೀ ಕಾರ್ಯಕ್ರಮವೇ ಮೂಲೆ ಸೇರಿತು.

ಈ ಗದ್ದಲದ ನಡುವೆ ಹೈಡೆಲ್‌ಬರ್ಗಿನ ದಾರ್ಶನಿಕ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ಇಂದಿಗೂ ಈ ವಿಷಯದ ಆಧಾರಗ್ರಂಥ. ಅವನು ತಪ್ಪನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಕಾನೂನು ಮುರಿದವನ ಅಪರಾಧ ನ್ಯಾಯಾಲಯಕ್ಕೆ ಸೇರಿದ್ದು. ತನ್ನ ಸರಕಾರ ಮಾಡಿದ್ದಕ್ಕೆ ಪ್ರಜೆಯಾಗಿ ತಲೆಗೊಡುವ ರಾಜಕೀಯ ಹೊಣೆ ಎಲ್ಲರದು, ವಿರೋಧಿಸಿದವನದೂ. ನೈತಿಕ ತಪ್ಪನ್ನು ಪ್ರತಿಯೊಬ್ಬನೂ ತನ್ನ ಆತ್ಮಸಾಕ್ಷಿಯ ಎದುರೇ ತೀರ್ಮಾನಿಸಿಕೊಳ್ಳಬೇಕು. ಕಂಡೂ ಕಾಣದಂತಿದ್ದದ್ದು, ಅನುಕೂಲಕ್ಕಾಗಿ ಹೊಂದಿಕೊಂಡದ್ದು ಇದರೊಳಗೆ ಬರುತ್ತದೆ. ಇವುಗಳಾಚೆ, ಬೇರೆಯವರು ಸಾಯುವಾಗ ತಾನು ಬದುಕಿದ್ದೆನೆಂಬ, ದೇವರೆದುರಿನ ತಪ್ಪೂ ಇದೆ ಎಂದ ಯಾಸ್ಪರ್ಸ್. ಅವನ ಹೆಂಡತಿ ಯಹೂದಿ. ನಾಟ್ಸಿಗಳು ಅವನನ್ನು ಹುದ್ದೆಯಿಂದ ತೆಗೆದಿದ್ದರು. ಹೀಗಿದ್ದೂ ಅವನು ತನ್ನನ್ನು ಹೊರಗಿಟ್ಟು ಬರೆಯಲಿಲ್ಲ.

ಕಾನೂನಿನ ಉತ್ತರ

ನಾಟ್ಸಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದ (1945–46) ನಿಯಮಾವಳಿಯ 8ನೆಯ ವಿಧಿ ಮೇಲಿನ ಆಜ್ಞೆ ಅಪರಾಧವನ್ನು ತೊಡೆಯದು, ಶಿಕ್ಷೆಯನ್ನು ಕಡಿಮೆ ಮಾಡಲು ಮಾತ್ರ ಪರಿಗಣಿಸಬಹುದು ಎಂದಿತು. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗ 1950ರಲ್ಲಿ ಇದಕ್ಕೆ ನೈತಿಕ ಆಯ್ಕೆ ವಾಸ್ತವವಾಗಿ ಸಾಧ್ಯವಿತ್ತೇ ಎಂಬ ಒರೆಗಲ್ಲನ್ನು ಸೇರಿಸಿತು. ಆಜ್ಞೆ ಇತ್ತೇ ಎಂಬುದಕ್ಕಿಂತ ಇದು ಹೆಚ್ಚು ನ್ಯಾಯವಾದ ಪ್ರಶ್ನೆ.

ಯಹೂದಿಗಳ ಸಾಗಾಟವನ್ನು ಸಂಘಟಿಸಿದ ಅಡಾಲ್ಫ್ ಐಖ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮಿನಲ್ಲಿ ನಡೆದು, ಮರುವರ್ಷ ಅವನನ್ನು ಗಲ್ಲಿಗೇರಿಸಲಾಯಿತು. ಯಾಸ್ಪರ್ಸ್‌ನ ಶಿಷ್ಯೆ ಹಾನಾ ಆರೆಂಟ್ ಅಲ್ಲಿ ಕೂತು ನೋಡಿ, ಅವನು ರಾಕ್ಷಸನಲ್ಲ, ಯೋಚಿಸುವುದನ್ನೇ ಬಿಟ್ಟ ಸಪ್ಪೆ ಅಧಿಕಾರಿ ಎಂದು ಬರೆದಳು. ಯುದ್ಧಾನಂತರ ತಲೆಮರೆಸಿಕೊಂಡಿದ್ದ ಅರ್ಜೆಂಟೀನದಲ್ಲಿ ಅವನು ಗೆಳೆಯರೊಂದಿಗೆ ಆಡಿದ ಮಾತುಗಳ ಧ್ವನಿಮುದ್ರಿಕೆಗಳನ್ನು ಅಭ್ಯಸಿಸಿದ ಬೆಟಿನಾ ಸ್ಟಾಂಗ್ನೆತ್ 2011ರಲ್ಲಿ ಅವನು ಉತ್ಸಾಹಿ ದ್ವೇಷಿಯೇ ಆಗಿದ್ದನೆಂದು ತೋರಿಸಿದಳು. ಐಖ್‌ಮನ್‌ನ ವಿಷಯದಲ್ಲಿ ಆರೆಂಟ್ ಮೋಸಹೋದಳೆನ್ನಬೇಕು. ಆದರೆ ಆ ವಿಚಾರಣೆಯ ಬಗ್ಗೆ ಬರೆದ ಪುಸ್ತಕದ ಕೊನೆಯಲ್ಲಿ ಅವಳು ಮಂಡಿಸಿದ ವಿಚಾರ ಬಿದ್ದುಹೋಗಿಲ್ಲ: ವಿಧೇಯತೆ ಮಕ್ಕಳಿಗೆ ಸಲ್ಲುವ ಗುಣ, ರಾಜಕೀಯದಲ್ಲಿ ವಯಸ್ಕನೊಬ್ಬ ವಿಧೇಯನಾಗಿದ್ದಾನೆಂದರೆ ಬೆಂಬಲಿಸಿದ್ದಾನೆಂದೇ ಅರ್ಥ.

ಜರ್ಮನಿಯ ನ್ಯಾಯಾಲಯಗಳು ಸಣ್ಣವರ ಹೊಣೆಯನ್ನು ಗಂಭೀರವಾಗಿ ನೋಡುವಷ್ಟರಲ್ಲಿ ಆ ಸಣ್ಣವರಿಗೆ ತೊಂಬತ್ತು ದಾಟಿತ್ತು. ಔಷ್‌ವಿಟ್ಜ್‌ನಲ್ಲಿ ಕೈದಿಗಳ ಹಣದ ಲೆಕ್ಕ ಬರೆಯುತ್ತಿದ್ದ ಓಸ್ಕರ್ ಗ್ರೋನಿಂಗ್‌ಗೆ ಮೂರು ಲಕ್ಷ ಕೊಲೆಗಳಲ್ಲಿ ನೆರವಾದ ಅಪರಾಧಕ್ಕಾಗಿ 2015ರಲ್ಲಿ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಷ್ಟುಟ್‌ಹೋಫ್ ಶಿಬಿರದ ಕಚೇರಿಯಲ್ಲಿ ಹದಿಹರೆಯದಲ್ಲಿ ಟೈಪಿಸ್ಟಾಗಿದ್ದ ಇರ್ಮ್‌ಗಾರ್ಡ್ ಫುರ್ಖ್‌ನರ್‌ಗೆ 2022ರಲ್ಲಿ ಎರಡು ವರ್ಷಗಳ ಅಮಾನತಾದ ಶಿಕ್ಷೆ ವಿಧಿಸಿ, ಪತ್ರ ಟೈಪ್ ಮಾಡುವುದೂ ಕೊಲೆಗೆ ನೆರವೇ ಎಂದು ನ್ಯಾಯಾಲಯ ಎಣಿಸಿತು. 2024ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಪ್ರಯೋಗಶಾಲೆಯಲ್ಲಿ

ಐಖ್‌ಮನ್ ವಿಚಾರಣೆಯ ವರ್ಷವೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತನ್ನ ಪ್ರಯೋಗ ಆರಂಭಿಸಿದ. ತಪ್ಪು ಉತ್ತರ ಕೊಟ್ಟವನಿಗೆ ವಿದ್ಯುತ್ ಆಘಾತ ಕೊಡುವಂತೆ ವಿಜ್ಞಾನಿಯ ವೇಷದವನು ಹೇಳುತ್ತಾನೆ. ಆಘಾತ ನಿಜವಲ್ಲವೆಂದು ಒತ್ತುವವನಿಗೆ ತಿಳಿಯದು. 40 ಮಂದಿಯಲ್ಲಿ 26 ಮಂದಿ 450 ವೋಲ್ಟಿನ ಕೊನೆಯ ಗುಂಡಿಯವರೆಗೂ ಹೋದರು. ಎಲ್ಲರ ಬಾಯಲ್ಲೂ ಇರುವ ಈ ಸಂಖ್ಯೆಗಿಂತ ಪ್ರಯೋಗದ ಬೇರೆ ರೂಪಗಳು ಹೆಚ್ಚು ಕಲಿಸುತ್ತವೆ. ಪಕ್ಕದಲ್ಲಿ ಕೂತ ಇಬ್ಬರು ನಟರು ನಡುವೆ ಎದ್ದು ಒಲ್ಲೆವೆಂದಾಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ. ಯೂಜೆಫುಫ್‌ನಲ್ಲಿ ಮೊದಲನೆಯವನು ಹೊರಬಂದು ಟ್ರಾಪ್ ಅವನ ಪರ ನಿಂತ ಮೇಲೆಯೇ ಉಳಿದ ಹತ್ತು ಹನ್ನೆರಡು ಮಂದಿಗೆ ಧೈರ್ಯ ಬಂದದ್ದು. ಮಿಲ್‌ಗ್ರಾಮನ ವಿಧಾನವನ್ನು ಟೀಕಿಸಿದವರೂ ಇದ್ದಾರೆ. ಜನ ಕಣ್ಣುಮುಚ್ಚಿ ಆಜ್ಞೆ ಪಾಲಿಸುವುದಿಲ್ಲ, ಒಳ್ಳೆಯ ಉದ್ದೇಶಕ್ಕೆ ನೆರವಾಗುತ್ತಿದ್ದೇವೆಂದು ನಂಬಿ ಮುಂದುವರಿಯುತ್ತಾರೆ ಎಂಬುದು ಅಲೆಕ್ಸ್ ಹಾಸ್ಲಮ್ ಮತ್ತು ಸ್ಟೀಫನ್ ರೈಕರ್ ಅವರ ವಾದ. ಅದು ನಿಜವಾದರೆ ಅನುಯಾಯಿಯ ಹೊಣೆ ಹಗುರವಾಗುವುದಿಲ್ಲ, ಹೆಚ್ಚುತ್ತದೆ.

ಭಾರತ

ಭಾರತದಲ್ಲಿ ಎಚ್ಚರಿಕೆ ಬೇಗನೆ ಬಂದಿತ್ತು. 1937ರಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಚಾಣಕ್ಯ ಎಂಬ ಹೆಸರಿನವನೊಬ್ಬ ಜವಾಹರಲಾಲ್ ನೆಹರೂ ಸರ್ವಾಧಿಕಾರಿಯಾಗಬಲ್ಲರು, ಅವರನ್ನು ಮತ್ತೆ ಕಾಂಗ್ರೆಸ್ ಅಧ್ಯಕ್ಷರನ್ನಾಗಿ ಮಾಡಬೇಡಿ ಎಂದು ಬರೆದ. ಬರೆದವರು ನೆಹರೂ ಅವರೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಿ.ಆರ್. ಅಂಬೇಡ್ಕರ್, ಧರ್ಮದಲ್ಲಿ ಭಕ್ತಿ ಮುಕ್ತಿಗೆ ಒಯ್ದೀತು, ರಾಜಕೀಯದಲ್ಲಿ ಮಾತ್ರ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಹೆದ್ದಾರಿ ಎಂದು ಎಚ್ಚರಿಸಿದರು. ಇವತ್ತು ಎಲ್ಲ ಪಕ್ಷಗಳವರೂ ಈ ಭಾಷಣವನ್ನು ಎದುರಾಳಿಯತ್ತ ಬೀಸಲು ಎತ್ತಿಕೊಳ್ಳುತ್ತಾರೆ.

1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ಪ್ರಧಾನಿ ಇಂದಿರಾ ಗಾಂಧಿಯವರ ತುರ್ತುಪರಿಸ್ಥಿತಿ ಆ ಎಚ್ಚರಿಕೆಯ ಪರೀಕ್ಷೆಯಾಯಿತು. ಇಂದಿರಾ ಎಂದರೆ ಇಂಡಿಯಾ ಎಂದ ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಹೊಗಳುಭಟರಾಗಿ ನೆನಪಿನಲ್ಲಿ ಉಳಿದಿದ್ದಾರೆ. ಅವರಿಗಿಂತ ಹೆಚ್ಚು ಕೆಲಸ ಮಾಡಿದವರು ಹೆಸರಿಲ್ಲದ ಅಧಿಕಾರಿಗಳು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ವಿಚಾರಣೆಯಿಲ್ಲದೆ ಜೈಲು ಸೇರಿದರು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧಿತರಾದರು. ‘ಸಂಸ್ಕಾರ’ ಚಿತ್ರದ ಚಂದ್ರಿ ಪಾತ್ರದ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ ನಂತರ ಕಡತ ತೆರೆದಾಗ, ಕಾರಣ ನೋಡದೆ ಬಂಧನದ ಆದೇಶಕ್ಕೆ ಸಹಿ ಹಾಕಿದ, ಬಂಧನವಾದ ಮೇಲೆ ಕಾರಣ ಬರೆದು ಹಿಂದಿನ ತಾರೀಕು ಹಾಕಿದ ಅಧಿಕಾರಿಗಳು ಕಂಡರು. ಸಂತಾನಹರಣ ಚಿಕಿತ್ಸೆಯ ಗುರಿ ಮುಟ್ಟಲು ಶಾಲಾ ಮೇಷ್ಟ್ರುಗಳೂ ಜನ ಹಿಡಿದು ತರಬೇಕಾಯಿತು. ತಾರದವರ ಸಂಬಳಕ್ಕೆ ಕುತ್ತು. ಹೊಟ್ಟೆಪಾಡಿನ ಅಂಜಿಕೆಯನ್ನು ಕಡೆಗಣಿಸಿ ತೀರ್ಪು ಹೇಳುವುದು ಸುಲಭ, ಸರಿಯಲ್ಲ. ಐಎಎಸ್ ಅಧಿಕಾರಿಗೂ ಆ ಮೇಷ್ಟ್ರಿಗೂ ಒಂದೇ ಅಳತೆಗೋಲು ಹಿಡಿಯುವುದೂ ಸರಿಯಲ್ಲ.

ಬಂಧಿತರು ನ್ಯಾಯಾಲಯಕ್ಕೆ ಬರಬಹುದೆಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು-ಒಂದರ ಬಹುಮತದಿಂದ ಬಾಗಿಲು ಮುಚ್ಚಿತು. ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರನ್ನು ಬದಿಗೆ ಸರಿಸಿ 1977ರ ಜನವರಿಯಲ್ಲಿ ಅವರ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟರು. ಕಳೆದುಕೊಂಡದ್ದು ಹುದ್ದೆ, ಜೀವವನ್ನಲ್ಲ, ಮಾನವನ್ನಂತೂ ಅಲ್ಲ. ಆ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತಳ್ಳಿಹಾಕಿತು. 2017ರ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಷಾ ಆಯೋಗದ ವರದಿಯ ಮೇಲೆ ಹೂಡಿದ ಮೊಕದ್ದಮೆಗಳು 1980ರಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದ ಮೇಲೆ ಬಿದ್ದುಹೋದವು. ತಡವಾಗಿಯಾದರೂ ಟೈಪಿಸ್ಟಳನ್ನು ಕಟಕಟೆಗೆ ತಂದ ಜರ್ಮನಿಯ ಹಾಗೆ, ಸಹಿ ಹಾಕಿದವರನ್ನು ಕರೆದು ಪ್ರಶ್ನಿಸಿ ಶಿಕ್ಷೆ ಕೊಟ್ಟ ನ್ಯಾಯಾಲಯ ಭಾರತದಲ್ಲಿ ಕೂರಲೇ ಇಲ್ಲ.